ಗೋದಾಮಿನ ಅಕ್ಕ ಪತ್ತೇದಾರಿಕೆಗೆ ಇಳಿದರೆ: ಕೊಡಗಿನಲ್ಲೊಂದು ಅಪರಾಧ ಕಥಾಸರಣಿ ಕಟ್ಟುವ ಬಗೆ

(ಮಡಿಕೇರಿಯಲ್ಲಿ ಹೊಸ ಕಥೆಗಾರರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಪತ್ತೇದಾರಿ ಕಥೆ ಬರೆಯಲು ಕೂತವರು ಸಾಮಾನ್ಯವಾಗಿ ಕೊಲೆಯಿಂದ ಶುರು ಮಾಡುತ್ತಾರೆ. ಒಂದೇ ಕಥೆಗೆ ಅದು ಸಾಕು. ಆದರೆ ಐದಾರು ಪುಸ್ತಕಗಳ ಸರಣಿ ಬರೆಯುವ ಆಸೆ ಇದ್ದರೆ, ಕೊಲೆಗಿಂತ ಮೊದಲು ಉತ್ತರ ಸಿಗಬೇಕಾದ ಪ್ರಶ್ನೆ ಒಂದಿದೆ: ಪೊಲೀಸೂ ಅಲ್ಲದ, ವಕೀಲರೂ ಅಲ್ಲದ ಈ ವ್ಯಕ್ತಿಗೆ ಊರಿನವರ ಒಳಗಿನ ಸಂಗತಿ ಮತ್ತೆ ಮತ್ತೆ ಯಾಕೆ ತಿಳಿಯುತ್ತದೆ? ಇದಕ್ಕೆ ಉತ್ತರ ಅವರ ದಿನನಿತ್ಯದ ಕೆಲಸದಲ್ಲೇ ಇರಬೇಕು. ಅಗಾಥಾ ಕ್ರಿಸ್ಟಿಯವರ ಮಿಸ್ ಮಾರ್ಪಲ್ ಹಳ್ಳಿಯಲ್ಲಿ ಹೆಣಿಗೆ ಹಾಕುತ್ತ ಕೂರುವ ಮುದುಕಿ. ಚೆಸ್ಟರ್ಟನ್ನರ ಫಾದರ್ ಬ್ರೌನ್ ಪಾಪನಿವೇದನೆ ಕೇಳುವ ಪಾದ್ರಿ. ಇಬ್ಬರ ಎದುರಿಗೂ ಜನ ಎಚ್ಚರ ತಪ್ಪಿ ಮಾತಾಡುತ್ತಾರೆ. ಹವ್ಯಾಸಿ ಪತ್ತೇದಾರರ ನಿಜವಾದ ಬಂಡವಾಳ ಇದೇ. ಬುದ್ಧಿವಂತಿಕೆ ಎಷ್ಟೇ ಇರಲಿ, ಒಳಗೆ ಹೋಗಲು ಬಾಗಿಲಿಲ್ಲದಿದ್ದರೆ ಕಥೆ ಮುಂದೆ ಸಾಗುವುದಿಲ್ಲ.

ಕನ್ನಡದಲ್ಲಿ ಎನ್. ನರಸಿಂಹಯ್ಯನವರ ಪುರುಷೋತ್ತಮ, ಮಧುಸೂದನರನ್ನು ಓದಿಯೇ ಒಂದು ತಲೆಮಾರು ಪುಸ್ತಕ ಹಿಡಿಯಲು ಕಲಿತದ್ದು. ಅವರು ಪತ್ತೇದಾರಿಕೆಯನ್ನೇ ವೃತ್ತಿ ಮಾಡಿಕೊಂಡವರು. ಇಂದು ಮಾತಾಡಲು ಹೊರಟಿರುವುದು ಆ ವೃತ್ತಿಯವರಲ್ಲದ ಒಬ್ಬಳ ಬಗ್ಗೆ. ಉದಾಹರಣೆಗೆ ಗೋಣಿಕೊಪ್ಪದ ಕಡೆಯ ಒಂದು ಕಾಫಿ ಗೋದಾಮಿನಲ್ಲಿ ಔಟ್‌ಟರ್ನ್ (ಹಣ್ಣಿನಿಂದ ಎಷ್ಟು ಬೇಳೆ ಸಿಗುತ್ತದೆ ಎಂಬ ಲೆಕ್ಕ) ನೋಡುವ ಹೆಂಗಸನ್ನು ತೆಗೆದುಕೊಳ್ಳೋಣ. ಐವತ್ತರ ಆಸುಪಾಸು, ಎಲ್ಲರ ಬಾಯಲ್ಲೂ ‘ಅಕ್ಕ’.

ಅವಳ ಕೆಲಸ ಏನೆಂದು ಸರಿಯಾಗಿ ತಿಳಿದುಕೊಂಡೇ ಬರೆಯಬೇಕು. ಬೆಳೆಗಾರರು ರೊಬಸ್ಟಾ ತಳಿಯ ಚೆರಿಯನ್ನು, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣನ್ನು, 50 ಕೆ.ಜಿ. ಚೀಲಗಳಲ್ಲಿ ತರುತ್ತಾರೆ. ಅವಳು ಬೇರೆ ಬೇರೆ ಚೀಲಗಳಿಗೆ ಚೂಪು ಕೊಳವೆ ಚುಚ್ಚಿ ಮಾದರಿ ತೆಗೆಯುತ್ತಾಳೆ. ಎಲ್ಲವನ್ನೂ ಬೆರೆಸಿ ಒಂದಷ್ಟು ತೂಗಿ, ಸಿಪ್ಪೆ ಬಿಡಿಸಿ, ಬೇಳೆಯನ್ನು ಮತ್ತೆ ತೂಗುತ್ತಾಳೆ. 100 ಗ್ರಾಂ ಚೆರಿಗೆ 54 ಗ್ರಾಂ ಬೇಳೆ ಬಂದರೆ ಔಟ್‌ಟರ್ನ್ 27. ಅಂದರೆ 50 ಕೆ.ಜಿ. ಚೀಲಕ್ಕೆ 27 ಕೆ.ಜಿ. ಬೇಳೆ. ಆ ಸಂಖ್ಯೆಯ ಮೇಲೆ ದರ ನಿಲ್ಲುತ್ತದೆ. ತೇವ ನೋಡಲು ಯಂತ್ರ ಇದೆ, ಆದರೂ ಒಂದು ಬೇಳೆ ಹಲ್ಲಿಗೆ ಸಿಕ್ಕಿಸಿ ಕಚ್ಚುವ ರೂಢಿ ಬಿಟ್ಟಿರುವುದಿಲ್ಲ.

ಈ ಕೆಲಸ ಅವಳಿಗೆ ಏನು ತಿಳಿಸುತ್ತದೆ ನೋಡಿ. ವರ್ಷವೂ 27, 28 ಬರುತ್ತಿದ್ದ ತೋಟದ ಚೆರಿ ಈ ಸಲ 25ಕ್ಕೆ ಇಳಿದರೆ, ಹಣ್ಣಾಗುವ ಮೊದಲೇ ಕಾಯಿ ಸಮೇತ ಬಾಚಿ ಕುಯ್ದಿರಬಹುದು. ಬಲಿಯದ ಕಾಯಿಯ ಬೇಳೆ ಜೊಳ್ಳು, ತೂಕ ಬರುವುದಿಲ್ಲ. ಅಷ್ಟು ಅವಸರ ಯಾಕೆ? ಸಾಲಗಾರರ ಕಾಟವೋ, ಹಣ್ಣು ಕಳ್ಳತನದ ಭಯವೋ, ತೋಟ ಪಾಲಾಗುವ ಮೊದಲು ಬೆಳೆ ಕೈಗೆ ಮಾಡಿಕೊಳ್ಳುವ ಹುನ್ನಾರವೋ? ತೇವ ಆರುವ ಮೊದಲೇ ಚೀಲ ಕಟ್ಟಿ ತಂದವನಿಗೆ ನಾಲ್ಕು ದಿನ ಕಾಯುವ ತಾಳ್ಮೆ ಇರಲಿಲ್ಲ. ಕುಯ್ಲಿಗೂ ಮೊದಲೇ ವ್ಯಾಪಾರಿಯಿಂದ ಮುಂಗಡ ಎತ್ತಿದವರು ಯಾರು, ಅಣ್ಣ ತಮ್ಮಂದಿರು ಯಾವ ವರ್ಷದಿಂದ ಬೇರೆ ಬೇರೆ ಜೀಪಿನಲ್ಲಿ ಚೀಲ ತರುತ್ತಿದ್ದಾರೆ, ಇವೆಲ್ಲ ಅವಳ ಕಣ್ಣೆದುರೇ ನಡೆಯುವಂಥವು. ‘ಏನಮ್ಮಾ, ಎಷ್ಟು ಬಂತು?’ ಎಂದು ಕೇಳಿ ಮೊಬೈಲಿನಲ್ಲಿ ಮಾತು ಮುಂದುವರಿಸುವ ಸಾಹುಕಾರರು ಅವಳಿಗೆ ಕಿವಿ ಇದೆ ಎಂಬುದನ್ನೇ ಮರೆತಿರುತ್ತಾರೆ. ಕೊಲೆಯ ಉದ್ದೇಶ ಹುಡುಕುವುದು ಪೊಲೀಸರಿಗೆ ವಾರಗಳ ಕೆಲಸ. ಇವಳಿಗೆ ಅದು ತಕ್ಕಡಿಯಲ್ಲೇ ಕಾಣುತ್ತದೆ.

ಅವಳಿಗೆ ಗೊತ್ತಾಗದ್ದು ಏನು ಎಂಬ ಪಟ್ಟಿಯೂ ಇಷ್ಟೇ ಮುಖ್ಯ. ಜೊತೆಗಾರರು ಹುಟ್ಟುವುದು ಈ ಪಟ್ಟಿಯಿಂದ. ಹೊಸಬರು ಇಲ್ಲಿಯೇ ಹೆಚ್ಚು ಎಡವುತ್ತಾರೆ. ಪತ್ತೇದಾರರ ಜಾಣತನ ಕಂಡು ಬಾಯಿ ಬಿಡಲು ಒಬ್ಬ, ನಗಿಸಲು ಇನ್ನೊಬ್ಬ, ಕೊನೆಗೆ ಹೊಡೆದಾಡಲು ಮತ್ತೊಬ್ಬ ಎಂದು ಸೇರಿಸುತ್ತಾರೆ. ಮೂರನೇ ಪುಸ್ತಕದ ಹೊತ್ತಿಗೆ ಈ ಮೂವರಿಗೂ ಮಾಡಲು ಕೆಲಸವಿರುವುದಿಲ್ಲ. ಬದಲಿಗೆ ಅವಳು ಹೋಗಲಾಗದ ಜಾಗ, ಅವಳಿಗೆ ಬಾರದ ಭಾಷೆ, ಅವಳಿಗೆ ಸಿಗದ ಕಾಗದ, ಈ ಮೂರನ್ನು ಬರೆದುಕೊಳ್ಳಿ. ಒಂದೊಂದಕ್ಕೂ ಒಬ್ಬರನ್ನು ನೇಮಿಸಿ. ಮೂವರಿಗಿಂತ ಹೆಚ್ಚು ಬೇಡ. ನಾಲ್ಕನೆಯವರು ಬಂದರೆ ಪ್ರತಿ ಸಂಭಾಷಣೆಯಲ್ಲೂ ಒಬ್ಬರು ಸುಮ್ಮನೆ ನಿಂತಿರುತ್ತಾರೆ.

ಕೊಡಗಿನಲ್ಲಿ ಭಾಷೆಯ ಪ್ರಶ್ನೆ ದೊಡ್ಡದು. ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು, ಕನ್ನಡ, ಬುಡಕಟ್ಟಿನವರ ಹಾಡಿಗಳಲ್ಲಿ ಎರವ ಮತ್ತು ಕುರುಬರ ನುಡಿಗಳು, ಈಗ ತೋಟದ ಕೂಲಿಯವರ ಲೈನ್ ಮನೆಗಳಲ್ಲಿ ಅಸ್ಸಾಂ, ಬಂಗಾಳದಿಂದ ಬಂದ ಕಾರ್ಮಿಕರ ಮಾತು. ಇಷ್ಟನ್ನೂ ಒಬ್ಬಳಿಗೇ ಬರಿಸಿದರೆ ಓದುಗರು ನಂಬುವುದಿಲ್ಲ. ಹಾಗಾಗಿ ಮೊದಲ ಜೊತೆಗಾರ ಪಿಕಪ್ ಓಡಿಸುವ ಹುಡುಗ. ವಿರಾಜಪೇಟೆಯವನು. ಮನೆಯಲ್ಲಿ ಮಲಯಾಳಂ, ಬಾಡಿಗೆದಾರರೊಡನೆ ಕನ್ನಡ, ಕೂಲಿಯವರನ್ನು ಕರೆತಂದು ಬಿಡುತ್ತ ಕಲಿತ ಹರಕು ಹಿಂದಿ. ಸಂಪಾಜೆ ಘಾಟಿ ಇಳಿದರೆ ದಕ್ಷಿಣ ಕನ್ನಡ, ಮಾಕುಟ್ಟ ಇಳಿದರೆ ಕಣ್ಣೂರು, ಕುಟ್ಟ ದಾಟಿದರೆ ವಯನಾಡು, ಕುಶಾಲನಗರದ ಹೊಳೆ ದಾಟಿದರೆ ಮೈಸೂರು ಜಿಲ್ಲೆ. ರೈಲಿಲ್ಲದ ಈ ಜಿಲ್ಲೆಯಿಂದ ಓಡಿಹೋಗುವವನಿಗೆ ರಸ್ತೆಯೊಂದೇ ದಾರಿ, ಮತ್ತು ರಸ್ತೆಯಲ್ಲಿ ಏನು ಹೋಯಿತು ಎಂಬುದು ಚಾಲಕರಿಗೆ ತಿಳಿಯುವಷ್ಟು ಬೇರೆಯವರಿಗೆ ತಿಳಿಯದು. ಕಥೆ ಹೇಳುವವನೂ ಇವನೇ ಆಗಲಿ.

ಎರಡನೆಯವರು ಐನ್‌ಮನೆಯೊಂದರ (ಕೊಡವ ಕುಟುಂಬದ ಮೂಲ ಮನೆ) ಹಿರಿಯಜ್ಜಿ. ಯಾವ ಒಕ್ಕದಲ್ಲಿ (ಕುಲದಲ್ಲಿ) ಯಾರ ಮಗ ಯಾರಿಗೆ ದತ್ತು ಹೋದ, ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಾಗದಲ್ಲಿ ಯಾರ ಹೆಸರು ಪತ್ರದಲ್ಲಿದೆ, ಉಳುಮೆ ಯಾರದು, ಮರದ ಹಕ್ಕಿನ ಜಗಳ ಎಂದಿನಿಂದ, ಇದು ಅವರ ಖಾತೆ. ಮೂರನೆಯವನು ತೋಟದಲ್ಲಿ ಸ್ಪ್ರಿಂಕ್ಲರ್ ಪಂಪ್ ನೋಡಿಕೊಳ್ಳುವವನು, ಲೈನ್ ಮನೆಯ ವಾಸಿ. ಅವನ ವಿಷಯಕ್ಕೆ ಮುಂದೆ ಬರುತ್ತೇನೆ. ಇಲ್ಲಿ ಒಂದು ಮಾತು ಖಚಿತವಾಗಿ ಹೇಳಬೇಕು. ಹಾಡಿಯ ಜನರನ್ನು ಕಥೆಗೆ ತಂದಾಗಲೆಲ್ಲ ಹೆಜ್ಜೆ ಮೂಸಿ ದಾರಿ ತೋರಿಸುವವರಾಗಿ ಮಾತ್ರ ಚಿತ್ರಿಸುವ ಚಾಳಿ ಬಿಡಬೇಕು. ಎರವರ ಹುಡುಗಿಯೊಬ್ಬಳು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿರಬಹುದು, ಶವಾಗಾರದ ರಿಜಿಸ್ಟರ್ ಅವಳ ಕೈಯಲ್ಲಿರಬಹುದು. ಕಥೆಗೂ ಅದರಿಂದ ಹೆಚ್ಚು ಉಪಯೋಗ.

ಕಥೆ ಹೇಳುವ ಜೊತೆಗಾರನ ಬಗ್ಗೆ 1929ರಲ್ಲಿ ಇಂಗ್ಲಿಷ್ ಪತ್ತೇದಾರಿ ಲೇಖಕ ರೊನಾಲ್ಡ್ ನಾಕ್ಸ್ ಹಾಕಿಕೊಟ್ಟ ನಿಯಮ ಈಗಲೂ ಕೆಲಸಕ್ಕೆ ಬರುತ್ತದೆ: ಅವನ ತಲೆಗೆ ಹೊಳೆದದ್ದನ್ನು ಓದುಗರಿಂದ ಮುಚ್ಚಿಡಬಾರದು, ಮತ್ತು ಅವನ ಬುದ್ಧಿ ಸಾಮಾನ್ಯ ಓದುಗರಿಗಿಂತ ಕೂದಲೆಳೆಯಷ್ಟು ಕಡಿಮೆ ಇರಬೇಕು. ಎರಡನೇ ಭಾಗವನ್ನು ಅತಿ ಮಾಡಿ ಪೆದ್ದನನ್ನಾಗಿಸಿದರೆ ಕೆಡುತ್ತದೆ. ನಮ್ಮ ಪಿಕಪ್ ಹುಡುಗ ಕಂಡದ್ದನ್ನು ತಪ್ಪದೆ ಹೇಳುತ್ತಾನೆ, ಆದರೆ ಕಾಫಿಯ ಒಳಗುಟ್ಟು ಗೊತ್ತಿಲ್ಲದ್ದರಿಂದ ಅದರ ಅರ್ಥ ಹೊಳೆಯುವುದಿಲ್ಲ. ಅವನ ಹಿಂದುಳಿಯುವಿಕೆಗೆ ಕಾರಣ ಇಷ್ಟೇ ಆದರೆ ಸಾಕು. ಸತ್ಯಜಿತ್ ರಾಯ್ ಬರೆದ ಪತ್ತೇದಾರ ಫೆಲೂದಾನ ಕಥೆಗಳಲ್ಲಿ ತಪ್ಷೆ 1965ರಿಂದ ಕಥೆ ಹೇಳುತ್ತಾನೆ, 1971ರಲ್ಲಿ ಜಟಾಯು ಬಂದು ಸೇರುತ್ತಾನೆ. ರೋಚಕ ಕಾದಂಬರಿ ಬರೆಯುವ ಜಟಾಯು ತನ್ನ ಪುಸ್ತಕಗಳಲ್ಲಿ ಮಾಡುವ ತಪ್ಪನ್ನು ಫೆಲೂದಾ ತಿದ್ದುತ್ತಾನೆ. ಆ ನೆಪದಲ್ಲಿ ಓದುಗರಿಗೆ ಬೇಕಾದ ಮಾಹಿತಿ ಪಾಠದಂತೆ ಕೇಳಿಸದೆ ತಲುಪಿಬಿಡುತ್ತದೆ. ತುಂಬ ಚೆಂದದ ಏರ್ಪಾಡು ಅದು. ಇದಕ್ಕೆ ತದ್ವಿರುದ್ಧ ಹೇಸ್ಟಿಂಗ್ಸ್. ಪತ್ತೇದಾರ ಪಾರೊನ ಈ ಗೆಳೆಯನನ್ನು ಅಗಾಥಾ ಕ್ರಿಸ್ಟಿ ಮದುವೆ ಮಾಡಿಸಿ ಅರ್ಜೆಂಟೀನಾಕ್ಕೆ ಕಳಿಸಿಬಿಟ್ಟರು. ಒಟ್ಟು ಎಂಟು ಕಾದಂಬರಿಗಳಲ್ಲಷ್ಟೇ ಅವನಿದ್ದಾನೆ. ಜೊತೆಗಾರನಿಗೆ ಅವನದ್ದೇ ಆದ ಕೆಲಸ ಇಲ್ಲದಿದ್ದರೆ ಲೇಖಕರೇ ಒಂದು ದಿನ ಅವನನ್ನು ಹಡಗು ಹತ್ತಿಸಬೇಕಾಗುತ್ತದೆ.

ಈಗ ಒಂದು ಸುಳಿವನ್ನು ಬಿಡಿಸಿ ನೋಡೋಣ. ನಾಲ್ವರೂ ಸೇರದೆ ಬಿಡಿಸಲಾಗದಂಥದ್ದು.

ಫೆಬ್ರವರಿ 24ರ ಸಂಜೆ ಗೋಣಿಕೊಪ್ಪದ ಹತ್ತಿರ ಒಬ್ಬ ಬೆಳೆಗಾರರ ಕೊಲೆಯಾಗಿದೆ. ಅನುಮಾನ ದಾಯಾದಿಯ ಮೇಲೆ. ಅವನು ಆ ಸಂಜೆ ಕುಟ್ಟದ ಕಡೆಯ ತನ್ನ ತೋಟದಲ್ಲಿದ್ದೆ ಎನ್ನುತ್ತಾನೆ, ಮೊಬೈಲಿನಲ್ಲಿ ಫೋಟೊ ತೋರಿಸುತ್ತಾನೆ. ಹಿಂದೆ ರೊಬಸ್ಟಾ ಗಿಡಗಳು ಬೆಳ್ಳಗೆ ಹೂಬಿಟ್ಟಿವೆ. ಫೋಟೊದ ತಾರೀಕು 24. ಫೆಬ್ರವರಿ ಕಡೆಯಲ್ಲಿ ಕಾಫಿ ಹೂವು ಸಹಜವೇ, ಪೊಲೀಸರು ತೃಪ್ತರಾಗುತ್ತಾರೆ.

ರೊಬಸ್ಟಾ ಮೊಗ್ಗು ಒಣಹವೆಯಲ್ಲಿ ಬಿಗಿದು ಕೂತಿರುತ್ತದೆ. ಮಳೆಯೋ ಸ್ಪ್ರಿಂಕ್ಲರ್ ನೀರೋ ಒಂದು, ಒಂದೂವರೆ ಇಂಚಿನಷ್ಟು ಬಿದ್ದರೆ ಮೊಗ್ಗು ಉಬ್ಬಿ ಏಳೆಂಟು ದಿನಕ್ಕೆ ಅರಳುತ್ತದೆ. ಎರಡು ಮೂರು ದಿನ ಬಿಳುಪು, ಆಮೇಲೆ ದಳ ಕಂದಾಗಿ ಬಾಡುತ್ತದೆ. ಮಳೆ ಬಂದರೆ ಊರಿಗೆ ಊರೇ ಒಟ್ಟಿಗೆ ಹೂವಾಗುತ್ತದೆ. ಸ್ಪ್ರಿಂಕ್ಲರ್ ಆದರೆ ಹಾಗಲ್ಲ. ಪೈಪು, ಜೆಟ್ಟು ಇರುವುದು ಲೆಕ್ಕದಷ್ಟು, ಕೆರೆಯ ನೀರೂ ಲೆಕ್ಕದಷ್ಟು, ಒಂದು ಕಡೆ ಮುಗಿಸಿ ಪೈಪು ಬಿಚ್ಚಿ ಇನ್ನೊಂದು ಕಡೆ ಜೋಡಿಸುತ್ತ ಹೋಗಬೇಕು. ಹಾಗಾಗಿ ಒಂದೇ ತೋಟದಲ್ಲಿ ಒಂದೊಂದು ಬ್ಲಾಕು ಒಂದೊಂದು ದಿನ ಅರಳುತ್ತದೆ. ಯಾವ ಬ್ಲಾಕಿಗೆ ಯಾವತ್ತು ನೀರು, ಪಂಪು ಎಷ್ಟು ಗಂಟೆ ಓಡಿತು, ಡೀಸೆಲ್ ಎಷ್ಟು ಹೋಯಿತು ಎಂಬುದು ಪಂಪು ನೋಡುವವನ ಪುಸ್ತಕದಲ್ಲಿರುತ್ತದೆ. ಡೀಸೆಲ್ ಲೆಕ್ಕ ಕೇಳುವ ತೋಟದ ಗುಮಾಸ್ತ ರೈಟರಿಗಾಗಿ ಅವನು ಅದನ್ನು ಬರೆಯಲೇಬೇಕು.

ಫೋಟೊದಲ್ಲಿ ಹಿಂದೆ ಕಾಣುವ ಸಿಲ್ವರ್ ಓಕ್ ಮರವೊಂದರ ತುದಿ ಮುರಿದಿದೆ. ಚೀಲ ತುಂಬಲು ಹೋದಾಗ ಆ ಮರವನ್ನು ಪಿಕಪ್ ಹುಡುಗ ನೋಡಿದ್ದಾನೆ, ಅದು ಕೆರೆಯ ಪಕ್ಕದ ಬ್ಲಾಕು. ಆ ಬ್ಲಾಕಿಗೆ ನೀರು ಕೊಟ್ಟದ್ದು ಫೆಬ್ರವರಿ 10ಕ್ಕೆ ಎಂದು ಪಂಪಿನವನ ಪುಸ್ತಕ ಹೇಳುತ್ತದೆ. ಹೂವು ಅರಳಿದ್ದು 17, 18ಕ್ಕೆ, 21ರ ಹೊತ್ತಿಗೆ ಕಂದು. 24ಕ್ಕೆ ಆ ಗಿಡದಲ್ಲಿ ಬಿಳಿ ಹೂವು ಇರಲು ಸಾಧ್ಯವೇ ಇಲ್ಲ. ಅಂದರೆ ಮೊಬೈಲಿನ ತಾರೀಕು ಬದಲಿಸಿ ತೆಗೆದ ಫೋಟೊ, ವಾರ ಮೊದಲೇ. ಕೊಲೆಗೂ ವಾರ ಮೊದಲೇ ತಯಾರಿ ನಡೆದಿತ್ತು ಎಂಬುದೂ ಅದರಿಂದಲೇ ಹೊರಬೀಳುತ್ತದೆ. ಉದ್ದೇಶ ಅಕ್ಕನ ತಕ್ಕಡಿಯಲ್ಲಿದೆ, ದಾಯಾದಿ ಜಗಳದ ಬೇರು ಅಜ್ಜಿಯ ನೆನಪಿನಲ್ಲಿದೆ.

ಇಂಥ ಸುಳಿವು ಎಲ್ಲಿ ಕೈಕೊಡುತ್ತದೆ? ಮೊದಲು, ಮಳೆ. ಆ ತಿಂಗಳಲ್ಲಿ ಒಂದು ಒಳ್ಳೆಯ ಹೂಮಳೆ ಬಂದಿದ್ದರೆ ಲೆಕ್ಕವೆಲ್ಲ ಬುಡಮೇಲು. ಹಾಗಾಗಿ ‘ಈ ವರ್ಷ ಇನ್ನೂ ಹನಿ ಬಿದ್ದಿಲ್ಲ’ ಎಂಬ ಗೊಣಗಾಟ ಆರಂಭದ ಅಧ್ಯಾಯಗಳಲ್ಲಿ ಎರಡು ಬಾಯಿಂದಾದರೂ ಬರಲೇಬೇಕು. ಎರಡನೆಯದು, ತಳಿ. ಅರೇಬಿಕಾ ಅರಳಲು ಒಂದೆರಡು ದಿನ ಹೆಚ್ಚು ಹಿಡಿಯುತ್ತದೆ, ಹಾಗಾಗಿ ರೊಬಸ್ಟಾ ಎಂದು ಸ್ಪಷ್ಟವಾಗಿ ಹೇಳಿ. ಮೂರನೆಯದು, ನ್ಯಾಯ. ನೀರು ಬಿದ್ದು ಎಂಟು ದಿನಕ್ಕೆ ಹೂವು ಎಂಬ ಸಂಗತಿ ಓದುಗರಿಗೆ ಮೊದಲೇ ಸಿಕ್ಕಿರಬೇಕು. ಕೊಲೆಗೆ ಸಂಬಂಧವಿಲ್ಲದ ಕಡೆ ಅದನ್ನು ಇಡಿ. ಉದಾಹರಣೆಗೆ, ಮಗಳ ನಿಶ್ಚಿತಾರ್ಥದ ದಿನ ಮನೆ ಸುತ್ತ ಹೂವಿರಲಿ ಎಂದು ಸಾಹುಕಾರರೊಬ್ಬರು ಎಂಟು ದಿನ ಮೊದಲೇ ಪಂಪು ಓಡಿಸಲು ಪೀಡಿಸುವ ಒಂದು ಪ್ರಸಂಗ. ಓದುಗರು ಖುಷಿಯಿಂದ ಓದಿ ಮುಂದೆ ಹೋಗುತ್ತಾರೆ. ಇನ್ನೂರು ಪುಟ ಆದ ಮೇಲೆ ಅದು ನೆನಪಾದಾಗ ಅವರಿಗೆ ಲೇಖಕರ ಮೇಲೆ ಸಿಟ್ಟು ಬರುವುದಿಲ್ಲ. ತಮ್ಮ ಮೇಲೇ ಬರುತ್ತದೆ.

ಕೊಡಗಿನಲ್ಲಿ ಬರೆಯುವವರು ಕೋವಿಯ ವಿಷಯ ತಪ್ಪಿಸಿಕೊಳ್ಳಲಾಗದು. ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ವಿಸ್ತರಿಸಿದೆ. ಮನೆಯಲ್ಲಿ ಕೋವಿ ಇರುವುದು ಇಲ್ಲಿ ಅನುಮಾನದ ಸಂಗತಿಯೇ ಅಲ್ಲ. ಗುಂಡಿನ ಸದ್ದೂ ಹಾಗೆಯೇ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಕೈಲ್‌ಪೊಳ್ದ್‌ಗೆ, ಪುತ್ತರಿಗೆ, ಈ ಎರಡು ಹಬ್ಬಗಳಿಗೂ ಗುಂಡು. ಆನೆ ಅಟ್ಟಲು ಗರ್ನಾಲು ಪಟಾಕಿ. ರಾತ್ರಿ ಹತ್ತಕ್ಕೆ ಸದ್ದು ಕೇಳಿ ಎಲ್ಲರೂ ಎದ್ದರು ಎಂದು ಬರೆದರೆ ಇಲ್ಲಿಯ ಓದುಗರು ಪುಸ್ತಕ ಮುಚ್ಚುತ್ತಾರೆ. ಅದೇ ಸದ್ದಿನ ಎಣಿಕೆಯನ್ನೇ ಸುಳಿವು ಮಾಡಬಹುದು: ಸಾವಿನ ಎರಡು ಗುಂಡು ಕೇಳಿ ಅಕ್ಕಪಕ್ಕದವರು ಸಾವಿನ ಮನೆ ಯಾವುದೆಂದು ವಿಚಾರಿಸಿದಾಗ, ಅಂದು ಯಾರೂ ಸತ್ತೇ ಇರಲಿಲ್ಲ ಎಂದು ತಿಳಿಯುವುದು.

ತಾಂತ್ರಿಕವಾಗಿ ಇನ್ನೊಂದು. ಚರೆಗುಂಡು ಹಾರಿಸುವ ಕೋವಿಯ ನಳಿಗೆ ಒಳಗೆ ನುಣುಪು, ರೈಫಲ್ಲಿನಂತೆ ತಿರುಪುಗೆರೆ ಇರುವುದಿಲ್ಲ. ಹಾಗಾಗಿ ದೇಹದಲ್ಲಿ ಸಿಕ್ಕ ಚರೆಯಿಂದ ಇದೇ ಕೋವಿ ಎಂದು ಗುರುತಿಸಲು ಆಗದು. ಗುರುತು ಸಿಗುವುದು ಖಾಲಿ ತೋಟಾದ ಬೆನ್ನ ಮೇಲೆ ಬೀಳುವ ಪಿನ್ನಿನ ಏಟಿನಿಂದ. ಬಾಯಿಯಿಂದ ಮದ್ದು ತುಂಬುವ ಹಳೆಯ ಕೋವಿ ತೋಟಾವನ್ನೇ ಬಿಡುವುದಿಲ್ಲ. ಗೋಡೆಯಲ್ಲಿ ಅಲಂಕಾರಕ್ಕೆ ತೂಗಿದ್ದ ಅಜ್ಜನ ಕೋವಿ ಕೊಲೆಗಾರನಿಗೆ ಯಾಕೆ ಹೆಚ್ಚು ಅನುಕೂಲ ಎಂಬುದಕ್ಕೆ ಇದೇ ಕಾರಣ.

ಮಳೆಗಾಲದ ಪುಸ್ತಕಕ್ಕೆ ಜಿಗಣೆ ಇದೆ. ಜಿಗಣೆಯ ಜೊಲ್ಲಿನಲ್ಲಿರುವ ಹಿರುಡಿನ್ ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ. ಅದು ಕಳಚಿ ಬಿದ್ದ ಮೇಲೂ ಗಾಯ ಗಂಟೆಗಟ್ಟಲೆ ಒಸರುತ್ತದೆ. ಜುಲೈನಲ್ಲಿ ತೋಟ ಸುತ್ತಿ ಬಂದವನ ಕಾಲುಚೀಲ ರಕ್ತದಲ್ಲಿ ತೊಯ್ದಿದ್ದರೆ ಇಲ್ಲಿ ಯಾರೂ ತಿರುಗಿ ನೋಡರು, ಹೊರಗಿನಿಂದ ವರ್ಗವಾಗಿ ಬಂದ ಪೊಲೀಸ್ ಅಧಿಕಾರಿ ಮಾತ್ರ ಬೆಚ್ಚುತ್ತಾರೆ. ಕೊಲೆಗಾರ ಇದರ ಲಾಭ ಪಡೆಯಬಹುದು. ಆದರೆ ಜಿಗಣೆಯ ರಕ್ತ ಕಣಕಾಲಿನಿಂದ ಕೆಳಕ್ಕೆ ಹರಿದಿರುತ್ತದೆ, ಬಟ್ಟೆಯ ಒಳಗಿನಿಂದ ಹೊರಕ್ಕೆ ಇಂಗಿರುತ್ತದೆ. ಹೊರಗಿನಿಂದ ಸಿಡಿದ ಹನಿ ಮೊಣಕಾಲಿನ ಮೇಲೂ ಇದ್ದರೆ ಅದು ಬೇರೆ ಕಥೆ. ಬಟ್ಟೆ ಒಗೆಯುವವರ ಕಣ್ಣಿಗೆ ಇದು ಮೊದಲು ಬೀಳುತ್ತದೆ.

ಆನೆ ತುಳಿದು ಸಾವು ಎಂದು ತೋರಿಸುವ ಕೊಲೆ ನಮ್ಮ ಜಿಲ್ಲೆಗೆ ಸಹಜವಾಗಿ ಒಗ್ಗುವ ಕಥಾವಸ್ತು. ಅಲ್ಲಿ ಪೊಲೀಸರ ಜೊತೆ ಅರಣ್ಯ ಇಲಾಖೆಯೂ ಬರುತ್ತದೆ, ಪರಿಹಾರದ ಹಣದ ಮಾತೂ ಬರುತ್ತದೆ. ಆನೆಯ ಮುಂಗಾಲಿನ ಹೆಜ್ಜೆಯ ಸುತ್ತಳತೆಯ ಎರಡರಷ್ಟು ಅದರ ಭುಜದ ಎತ್ತರ ಎಂಬುದು ಅರಣ್ಯದವರಿಗೆಲ್ಲ ಗೊತ್ತಿರುವ ಲೆಕ್ಕ. ಹಳೆಯ ಹೆಜ್ಜೆಗುರುತಿನ ಮೇಲೆ ಹೆಣ ತಂದಿಟ್ಟವನು, ಆ ಹೆಜ್ಜೆ ಆ ವಾರ ಸುತ್ತುತ್ತಿದ್ದ ಒಂಟಿ ಸಲಗದ್ದಲ್ಲ, ಮರಿಯದ್ದು ಎಂಬುದನ್ನು ಅಳೆದು ನೋಡಿರುವುದಿಲ್ಲ.

ಆದರೆ ಪ್ರತಿ ಪುಸ್ತಕಕ್ಕೂ ಕೊಲೆ ಬೇಡ ಎಂಬುದು ನನ್ನ ಗಟ್ಟಿ ಅಭಿಪ್ರಾಯ. 2011ರ ಜನಗಣತಿಯಂತೆ ಇಡೀ ಜಿಲ್ಲೆಯಲ್ಲಿದ್ದವರು 5.54 ಲಕ್ಷ ಮಂದಿ. ಒಂದು ಗೋದಾಮಿನ ಸುತ್ತ ವರ್ಷಕ್ಕೆರಡು ಹೆಣ ಬೀಳತೊಡಗಿದರೆ ಓದುಗರು ಅಕ್ಕನನ್ನೇ ಅನುಮಾನಿಸಬೇಕಾಗುತ್ತದೆ. ಕರಿಮೆಣಸಿನ ಗೋಣಿಗಳ ಕಳ್ಳತನ, ಬೀಟೆ ಮರ ಕಡಿದು ಸಾಗಿಸಿದ್ದು, ತಿದ್ದಿದ ಉಯಿಲು, ಹೋಂಸ್ಟೇಗೆ ಬಂದು ಕಾಣೆಯಾದ ಅತಿಥಿ, ಸಂಬಳದ ಪುಸ್ತಕದಲ್ಲಿ ಇಲ್ಲದ ಕೂಲಿಗಳ ಹೆಸರು. ಇವುಗಳಲ್ಲೂ ಜನರ ಬದುಕು ಮುರಿಯುತ್ತದೆ.

ಸರಣಿಗೊಂದು ರಿಜಿಸ್ಟರ್ ಇಡಿ. ಷರ್ಲಾಕ್ ಹೋಮ್ಸ್‌ನ ಜೊತೆಗಾರ ಡಾಕ್ಟರ್ ವಾಟ್ಸನ್ನರ ಯುದ್ಧದ ಗಾಯ 1887ರ ಮೊದಲ ಕಾದಂಬರಿಯಲ್ಲಿ ಭುಜಕ್ಕಾಗಿತ್ತು, 1890ರ ಎರಡನೆಯದರಲ್ಲಿ ಕಾಲಿಗೆ ಇಳಿದಿತ್ತು. ಪಾರೊ 1920ರಲ್ಲಿ ಬಂದಾಗಲೇ ಪೊಲೀಸ್ ಕೆಲಸದಿಂದ ನಿವೃತ್ತ, ಆಮೇಲೆ ಐವತ್ತು ವರ್ಷ ದುಡಿಯಬೇಕಾಯಿತು. ಪ್ರತಿ ಪಾತ್ರದ ಹುಟ್ಟಿದ ವರ್ಷ, ಗಾಯ, ವಾಹನದ ನಂಬರು, ಯಾರು ಯಾರನ್ನು ಏನೆಂದು ಕರೆಯುತ್ತಾರೆ, ಇಷ್ಟನ್ನು ಮೊದಲ ದಿನವೇ ಬರೆದಿಡಿ. ಕಾಲವನ್ನು ಕ್ಯಾಲೆಂಡರಿಗಿಂತ ಕಾಫಿಯ ಕೆಲಸದಿಂದ ಅಳೆದರೆ ಪುಸ್ತಕಗಳು ಬೇರೆ ಬೇರೆಯಾಗಿ ಕಾಣುತ್ತವೆ: ಒಂದು ಕುಯ್ಲಿನದ್ದು, ಒಂದು ಹೂವಿನದ್ದು, ಒಂದು ಕರೆಂಟು ಟವರು ಎರಡೂ ಹೋದ ಮಳೆಗಾಲದ್ದು, ಒಂದು ಸೆಪ್ಟೆಂಬರಿನ ಕೈಲ್‌ಪೊಳ್ದ್‌ನದ್ದು. ಕೊಡವ ಪಾತ್ರಗಳಿಗೆ ಮನೆಹೆಸರು ಇಡುವಾಗ ಎಚ್ಚರ. ಇರುವ ಒಕ್ಕದ ಹೆಸರನ್ನು ಕೊಲೆಗಾರನಿಗೆ ಕೊಟ್ಟರೆ ಒಂದು ಇಡೀ ಕುಟುಂಬಕ್ಕೆ ನೋವು. ಎಲ್ಲೂ ಇಲ್ಲದ ಹೆಸರು ಕಟ್ಟಿ, ತಿಳಿದ ಹಿರಿಯರೊಬ್ಬರಿಗೆ ತೋರಿಸಿ ಖಚಿತ ಮಾಡಿಕೊಳ್ಳಿ.

ಕಾನೂನು. 2024ರ ಜುಲೈ 1ರಿಂದ ಹೊಸ ಸಂಹಿತೆಗಳು ಜಾರಿಯಲ್ಲಿವೆ. ಕೊಲೆಗೆ ಈಗ ಭಾರತೀಯ ನ್ಯಾಯ ಸಂಹಿತೆಯ 103ನೇ ಸೆಕ್ಷನ್, ಕಥೆ 2022ರದ್ದಾದರೆ ಹಳೆಯ ಭಾರತೀಯ ದಂಡ ಸಂಹಿತೆಯ 302. ಅಸಹಜ ಸಾವಿನ ವಿಚಾರಣೆ ಈಗ ನಾಗರಿಕ ಸುರಕ್ಷಾ ಸಂಹಿತೆಯ 194, ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 174. ಹವ್ಯಾಸಿ ಪತ್ತೇದಾರರಿಗೆ ಯಾವ ಅಧಿಕಾರವೂ ಇಲ್ಲ. ಕಣ್ಣೆದುರೇ ಜಾಮೀನಿಲ್ಲದ ಗಂಭೀರ ಅಪರಾಧ ನಡೆದರೆ ಯಾವ ನಾಗರಿಕರಾದರೂ ಅಪರಾಧಿಯನ್ನು ಹಿಡಿಯಬಹುದು, ಆದರೆ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಮಾಕುಟ್ಟದ ಕಾಡಿನಲ್ಲಿ, ಮರ ಬಿದ್ದ ರಸ್ತೆಯಲ್ಲಿ, ಆ ಆರು ಗಂಟೆಯೇ ಒಂದು ಅಧ್ಯಾಯವಾಗುತ್ತದೆ.

ಎಲ್ಲರನ್ನೂ ಹಾಲಿನಲ್ಲಿ ಕೂರಿಸಿ, ಇನ್‌ಸ್ಪೆಕ್ಟರ್ ಎದುರು ಕೊಲೆಗಾರ ತಪ್ಪೊಪ್ಪಿಕೊಳ್ಳುವ ಕೊನೆಯ ದೃಶ್ಯ ಎಲ್ಲರಿಗೂ ಪ್ರಿಯ. ನಮ್ಮ ಕಾನೂನಿನಲ್ಲಿ ಪೊಲೀಸ್ ಅಧಿಕಾರಿಗೆ ಮಾಡಿದ ತಪ್ಪೊಪ್ಪಿಗೆ ಆರೋಪಿಯ ವಿರುದ್ಧ ಸಾಕ್ಷ್ಯವಾಗುವುದಿಲ್ಲ. ಪೊಲೀಸ್ ವಶದಲ್ಲಿದ್ದವನು ಕೊಟ್ಟ ಹೇಳಿಕೆಯಿಂದ ಒಂದು ವಸ್ತು ಪತ್ತೆಯಾದರೆ, ಆ ಪತ್ತೆಗೆ ನೇರ ಸಂಬಂಧಿಸಿದಷ್ಟು ಮಾತು ಮಾತ್ರ ನಿಲ್ಲುತ್ತದೆ. ಆದ್ದರಿಂದ ಕೊನೆಯ ದೃಶ್ಯದಲ್ಲಿ ಕಣ್ಣೀರಿಗಿಂತ ವಸ್ತು ಮುಖ್ಯ: ಕೆರೆಯಿಂದ ಎತ್ತಿದ ಕೋವಿ, ಕಣದ ಮೂಲೆಯ ಗೋಣಿಯಡಿಯ ಮೊಬೈಲು. ಆ ಫೋಟೊವನ್ನು ಕೋರ್ಟಿಗೆ ಹಾಜರುಪಡಿಸಲು ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರ ಬೇಕು. ಪಂಪಿನವನ ಡೀಸೆಲ್ ಪುಸ್ತಕವನ್ನು ಪಂಚರ ಎದುರು ಮಹಜರು ಮಾಡಿ ವಶಕ್ಕೆ ಪಡೆಯಬೇಕು. ಹುಡುಗ ಅದನ್ನು ಅವಸರದಲ್ಲಿ ಹೊತ್ತು ತಂದು ಠಾಣೆಗೆ ಕೊಟ್ಟರೆ, ನಡುವೆ ಯಾರೋ ತಿದ್ದಿದರು ಎಂದು ಎದುರು ವಕೀಲರು ಹಿಡಿದುಕೊಳ್ಳುತ್ತಾರೆ.

ಅಪರಾಧಿ ಜೈಲಿಗೆ ಹೋದ ಎಂದು ಬರೆದು ಮುಗಿಸುವುದೂ ಸರಿಯಲ್ಲ. ಕೊಲೆ ಪ್ರಕರಣದಲ್ಲಿ 90 ದಿನದೊಳಗೆ ಆರೋಪಪಟ್ಟಿ ಸಲ್ಲಿಕೆಯಾಗದಿದ್ದರೆ ಆರೋಪಿಗೆ ಜಾಮೀನು ಕೇಳುವ ಹಕ್ಕು ಹುಟ್ಟುತ್ತದೆ. ಫೆಬ್ರವರಿ ಕೊನೆಗೆ ಬಂಧನವಾದವನು ಹಾಗೆ ಹೊರಬಂದರೆ ಮುಂಗಾರು ಶುರುವಾಗುವ ಹೊತ್ತಿಗೆ ಊರಲ್ಲಿರುತ್ತಾನೆ. ಪಂಪಿನವನು ಇರುವುದು ಅದೇ ತೋಟದ ಲೈನ್ ಮನೆಯಲ್ಲಿ, ಸಾಕ್ಷಿ ಹೇಳಬೇಕಾದವನೂ ಅವನೇ. ಎರಡನೇ ಪುಸ್ತಕದ ಮೊದಲ ಅಧ್ಯಾಯದಲ್ಲಿ ಅವನಿಗೆ ಬೇರೆ ಕೆಲಸ, ಬೇರೆ ಮನೆ ಹುಡುಕಿಕೊಡುವ ಕೆಲಸ ಅಕ್ಕನದು.